ಸಾರ ಕೆಲಸ ಮಾಡಲಿಲ್ಲ ಅನ್ನುವ ಮುನ್ನ: ಲಕ್ಕಿ ಸೊಪ್ಪಿನ ನೋವು–ಊತ ಪರೀಕ್ಷೆಯಲ್ಲಿ ದೋಷ ಹುಡುಕುವ ಬಗೆ

ಕಳೆದ ಶ್ರಾವಣದ ಒಂದು ಸಂಜೆ ನನ್ನ ಎಂ.ಫಾರ್ಮ್ ವಿದ್ಯಾರ್ಥಿನಿಯೊಬ್ಬಳು ಗ್ರಾಫ್ ಹಾಳೆ ಹಿಡಿದು ಬಂದು ನಿಂತಳು. ಲಕ್ಕಿ ಸೊಪ್ಪಿನ ಸಾರ ಕುಡಿಸಿದ ಇಲಿಗಳಲ್ಲಿ, ಬೇಕೆಂದೇ ಊದಿಸಿದ ಪಾದದ ಊತ ಎಷ್ಟು ತಗ್ಗಿತು ಅನ್ನುವ ಲೆಕ್ಕ ಅದು. ಮೈತೂಕದ ಕೆ.ಜಿ.ಗೆ 200 ಮಿ.ಗ್ರಾಂ ಸಾರ ಕೊಟ್ಟ ಗುಂಪಿನಲ್ಲಿ ಊತ ಚೆನ್ನಾಗಿ ಇಳಿದಿತ್ತು. 400 ಕೊಟ್ಟ ಗುಂಪಿನಲ್ಲಿ ಮಾತ್ರ ಹೆಚ್ಚೂಕಡಿಮೆ ಸಾರವನ್ನೇ ಕೊಡದವುಗಳಷ್ಟೇ ಊದಿತ್ತು. "ಮೇಡಂ, ಇನ್ನೊಂದ್ಸಲ ಮಾಡಿಬಿಡ್ತೀನಿ. 30 ಇಲಿಗೆ ಇಂಡೆಂಟ್ ಹಾಕ್ಲಾ?" ಅಂದಳು.

"ಬೇಡಮ್ಮ. ಇಲಿ ಮುಟ್ಟದೆ ಏನೇನು ನೋಡಬಹುದೋ ಅದನ್ನೆಲ್ಲ ಮೊದಲು ನೋಡೋಣ" ಅಂದೆ.

ಆ ವಾರ ನಾವಿಬ್ಬರೂ ನೋಡಿದ್ದನ್ನು, ಬೆಂಗಳೂರಿನ ಕಾಲೇಜು ಲ್ಯಾಬ್‌ಗಳಲ್ಲಿ ಇಷ್ಟು ವರ್ಷ ನಾನು ಕಂಡ ಉಳಿದ ದೋಷಗಳನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ಇದು ನೋಂದಾಯಿತ ಪ್ರಾಣಿಗೃಹ, ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ, ತರಬೇತಿ ಪಡೆದ ಕೈ ಮೂರೂ ಇರುವ ಜಾಗದಲ್ಲಿ ಮಾತ್ರ ಮಾಡುವ ಕೆಲಸ. ನಾವು ಅಳೆಯುತ್ತಿರುವುದು ಒಂದು ಜೀವದ ನೋವನ್ನು. ತಪ್ಪು ಎಲ್ಲಿದೆ ಅಂತ ತಿಳಿಯದೆ ಅದೇ ಪ್ರಯೋಗವನ್ನು ಮತ್ತೆ ಮಾಡಿದರೆ ಅದೇ ತಪ್ಪಿಗೆ ಇನ್ನೂ 30 ಜೀವ ನೋಯುತ್ತವೆ. ಆದ್ದರಿಂದ ಇಲ್ಲಿ ಹೇಳುವ ಬಹುಪಾಲು ತಪಾಸಣೆ ಕಾಗದದ ಮೇಲೆ, ತಕ್ಕಡಿಯ ಮೇಲೆ, ಗಾಜಿನ ಕೊಳವೆಯಲ್ಲಿ ಮುಗಿಯುವಂಥದ್ದು.

ಸೊಪ್ಪಿಲ್ಲದ ಎರಡು ಗುಂಪುಗಳನ್ನು ಮೊದಲು ನೋಡಿ

ಫಲಿತಾಂಶ ಕೆಟ್ಟಾಗ ಎಲ್ಲರ ಕಣ್ಣೂ ಸಾರ ಕೊಟ್ಟ ಗುಂಪಿನ ಮೇಲೇ ಹೋಗುತ್ತದೆ. ಅದನ್ನು ಕೈಯಿಂದ ಮುಚ್ಚಿಟ್ಟು, ಬರೀ ದ್ರಾವಕ ಕುಡಿದ ಕಂಟ್ರೋಲ್ ಗುಂಪನ್ನೂ ಊತ ಇಳಿಸುತ್ತದೆ ಅಂತ ಮೊದಲೇ ಗೊತ್ತಿರುವ ಡೈಕ್ಲೋಫೆನಾಕ್ ಅಥವಾ ಇಂಡೋಮೆಥಾಸಿನ್ ಔಷಧಿ ಕುಡಿದ ಸ್ಟ್ಯಾಂಡರ್ಡ್ ಗುಂಪನ್ನೂ ನೋಡಿ. ಕಂಟ್ರೋಲ್ ಸರಿಯಾಗಿ ಊದಿರಬೇಕು. ಸ್ಟ್ಯಾಂಡರ್ಡ್‌ನಲ್ಲಿ ಆ ಊತ ಎದ್ದು ಕಾಣುವಷ್ಟು ಇಳಿದಿರಬೇಕು. ಇವೆರಡೂ ಸರಿ ಇದ್ದರೆ ಊತ ಎಬ್ಬಿಸಿ ಅಳೆಯುವ ವಿಧಾನ ಚೆನ್ನಾಗಿದೆ, ದೋಷ ಸಾರದ ಡಬ್ಬಿಗೂ ಇಲಿಯ ಹೊಟ್ಟೆಗೂ ನಡುವೆ ಎಲ್ಲೋ ಇದೆ. ಎರಡರಲ್ಲಿ ಒಂದು ಕೈಕೊಟ್ಟಿದ್ದರೂ ಸೊಪ್ಪಿನ ಬಗ್ಗೆ ಮಾತಾಡುವ ಹಕ್ಕು ಆ ದಿನದ ಪ್ರಯೋಗಕ್ಕಿಲ್ಲ.

ನನ್ನ ವಿದ್ಯಾರ್ಥಿನಿಯ ಹಾಳೆಯಲ್ಲಿ ಎರಡೂ ಸರಿ ಇದ್ದವು. ಅವಳ ದೋಷಕ್ಕೆ ಆಮೇಲೆ ಬರುತ್ತೇನೆ.

ಕಂಟ್ರೋಲ್ ಪಾದ ಊದಲಿಲ್ಲ

1962ರಲ್ಲಿ ವಿಂಟರ್ ಮತ್ತು ಸಂಗಡಿಗರು ಬಳಕೆಗೆ ತಂದ ಕ್ಯಾರಜೀನನ್ ಪಾದದ ಊತದ ವಿಧಾನವನ್ನೇ ಇವತ್ತಿಗೂ ಹೆಚ್ಚಿನವರು ಮಾಡುವುದು. ಶೇ. 1ರ ಕ್ಯಾರಜೀನನ್ 0.1 ಮಿ.ಲೀ.ಯನ್ನು ಹಿಂಗಾಲಿನ ಅಂಗಾಲಿನ ಚರ್ಮದ ಕೆಳಗೆ ಚುಚ್ಚಿ, ಗಂಟೆಗೊಮ್ಮೆ ಪಾದದ ಗಾತ್ರ ಅಳೆಯುತ್ತೇವೆ. ಊತ ಮೂರರಿಂದ ಐದನೇ ಗಂಟೆಯೊಳಗೆ ತುದಿ ಮುಟ್ಟುತ್ತದೆ.

ಊದದಿದ್ದರೆ ನಾನು ಮೊದಲು ಕೇಳುವುದು ಕ್ಯಾರಜೀನನ್ ಬಾಟಲಿಯನ್ನು. ಕೆಂಪು ಕಡಲಕಳೆಯಿಂದ ತೆಗೆಯುವ ಈ ಪದಾರ್ಥದಲ್ಲಿ ಕಪ್ಪಾ, ಅಯೋಟಾ, ಲ್ಯಾಂಬ್ಡಾ ಅಂತ ಬಗೆಗಳಿವೆ. ಊತದ ಪರೀಕ್ಷೆಗೆ ಬೇಕಾದದ್ದು ಲ್ಯಾಂಬ್ಡಾ. ಅದು ಗಟ್ಟಿಯಾಗುವುದಿಲ್ಲ, ಸಲೈನ್‌ನಲ್ಲಿ ನೆನೆದು ಲೋಳೆಯಾಗುತ್ತದೆ. ತಿಂಡಿ ತಯಾರಿಕೆಗೆ ಮಾರುವ ಡಬ್ಬಿಯಲ್ಲಿ ಸಾಮಾನ್ಯವಾಗಿ ಕಪ್ಪಾ ಇರುತ್ತದೆ, ಅದು ಬಿಸಿ ಮಾಡಿ ಆರಿಸಿದರೆ ಜೆಲ್ಲಿ ಕಟ್ಟುತ್ತದೆ. ಚಿಕ್ಕಪೇಟೆ ಕಡೆಯ ಯಾವುದೋ ಅಂಗಡಿಯಿಂದ "ಕ್ಯಾರಜೀನನ್ ಅಂತಲೇ ಬರೆದಿದೆ ಮೇಡಂ" ಅಂತ ತಂದ ಡಬ್ಬಿಯನ್ನು ನಾನೇ ವಾಪಸ್ ಕಳಿಸಿದ್ದೇನೆ. ಸರಿಯಾದ ಬಗೆಯೇ ಆಗಿದ್ದರೂ ಪುಡಿಯನ್ನು ಬೆಳಗ್ಗೆ ಕಲಸಿ ಬೆಳಗ್ಗೆಯೇ ಚುಚ್ಚಿದರೆ ಗಂಟುಗಳು ಉಳಿದು ಒಂದು ಇಲಿಗೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ ಹೋಗುತ್ತದೆ. ಹಿಂದಿನ ದಿನ ಸಂಜೆ ಸಲೈನ್‌ನಲ್ಲಿ ನೆನೆಸಿಡಿ.

ಆಮೇಲೆ ಕೈ. ಸೂಜಿ ಹೊರಗೆ ತೆಗೆದ ತಕ್ಷಣ ಹನಿ ಹೊರಗೆ ಒಸರುತ್ತಿದ್ದರೆ 0.1 ಮಿ.ಲೀ. ಒಳಗೆ ಹೋಗಿಲ್ಲ. ಸೂಜಿಯನ್ನು ಚರ್ಮದಡಿ ಸ್ವಲ್ಪ ದೂರ ಸರಿಸಿ ಚುಚ್ಚಿ, ಒಂದೆರಡು ಕ್ಷಣ ತಡೆದು ತೆಗೆಯಬೇಕು. ಇದನ್ನು ಇಲಿಯ ಮೇಲೆ ಕಲಿಯಬೇಡಿ. ತೆಳುವಾದ ರಬ್ಬರ್ ಗ್ಲೌಸಿನ ಬೆರಳಿಗೆ ಬಣ್ಣದ ನೀರು ಚುಚ್ಚಿ ಅಭ್ಯಾಸ ಮಾಡಿದ ಮಕ್ಕಳ ಕೈ ಎಷ್ಟೋ ಸ್ಥಿರವಾಗಿರುವುದನ್ನು ನಾನು ನೋಡಿದ್ದೇನೆ.

ಮೂರನೆಯದು ಯಾರ ಗಮನಕ್ಕೂ ಬಾರದ್ದು: ಗದ್ದಲ. ಹೆದರಿದ ಪ್ರಾಣಿಯ ಮೈಯಲ್ಲಿ ಕಾರ್ಟಿಕೊಸ್ಟಿರೋನ್ ಅನ್ನುವ ಒತ್ತಡದ ಹಾರ್ಮೋನ್ ಏರುತ್ತದೆ, ಅದು ತಾನೇ ಊತವನ್ನು ಅದುಮುತ್ತದೆ, ನೋವಿನ ಅರಿವನ್ನೂ ಮಂಕಾಗಿಸುತ್ತದೆ. ಬೆಂಗಳೂರಿನಲ್ಲಿ ಪಕ್ಕದ ಸೈಟಿನಲ್ಲಿ ಬಂಡೆ ಕೊರೆಯುವ ಯಂತ್ರ, ಕರೆಂಟ್ ಹೋದಾಗ ಗುಡುಗುವ ಜನರೇಟರ್, ದೀಪಾವಳಿ ವಾರದ ಪಟಾಕಿ ಇವೆಲ್ಲ ಪ್ರಾಣಿಗೃಹದ ಗೋಡೆಯೊಳಗೂ ಬರುತ್ತವೆ. ನಗರದ ಹೊರವಲಯದ ಸಾಕಣೆ ಕೇಂದ್ರದಿಂದ ಟೆಂಪೋದಲ್ಲಿ ಬಂದ ಇಲಿಗಳನ್ನು ಮೂರನೇ ದಿನವೇ ಪ್ರಯೋಗಕ್ಕೆ ಇಳಿಸಿದರೂ ಇದೇ ಗತಿ. ಒಂದು ವಾರವಾದರೂ ಹೊಸ ಜಾಗಕ್ಕೆ ಹೊಂದಿಕೊಳ್ಳಲಿ. ಆ ವಾರ ದಿನವೂ ಕೈಯಲ್ಲಿ ಹಿಡಿದು ಬಿಡಿ. ಲಾಗ್ ಪುಸ್ತಕದಲ್ಲಿ ತಾಪಮಾನದ ಪಕ್ಕದಲ್ಲೇ ಗದ್ದಲಕ್ಕೂ ಒಂದು ಅಂಕಣ ಇಡಿ. ನಮ್ಮಲ್ಲಿ ಹಾಗೆ ಇಟ್ಟ ಮೇಲೆ ಕಾರಣ ಗೊತ್ತಾಗದ ಎಷ್ಟೋ "ಕೆಟ್ಟ ದಿನ"ಗಳಿಗೆ ಕಾರಣ ಸಿಕ್ಕಿತು.

ಇನ್ನು ಅಳತೆ. ಪಾದವನ್ನು ಎಲ್ಲಿಯವರೆಗೆ ಮುಳುಗಿಸಬೇಕು ಅಂತ ಕಾಲ ಗಿಣ್ಣಿನ ಹತ್ತಿರ ಹಾಕಿದ ಇಂಕಿನ ಗೆರೆ ಎರಡನೇ ಗಂಟೆಗೆ ಅಳಿಸಿಹೋಗಿದ್ದರೆ ಆಮೇಲಿನ ಅಂಕಿಗಳೆಲ್ಲ ಅಂದಾಜು. ಪಾದ ಮುಳುಗಿಸಿ ಅದರ ಗಾತ್ರ ಅಳೆಯುವ ಉಪಕರಣ, ಅಂದರೆ ಪ್ಲೆಥಿಸ್ಮೋಮೀಟರ್, ನೀರಿನದಾದರೆ ಪ್ರತಿ ಪಾದವೂ ಒಂದಿಷ್ಟು ನೀರನ್ನು ಮೇಲೆ ಎತ್ತಿಕೊಂಡು ಹೋಗುತ್ತದೆ, ಪ್ರತಿ ಸಲ ಮಟ್ಟ ಸರಿ ಮಾಡಿ. ಪಾದರಸದ ಹಳೆಯ ಉಪಕರಣ ಇನ್ನೂ ಇದ್ದರೆ ಅದನ್ನು ಬಿಟ್ಟುಬಿಡಿ, ಅದರ ಆವಿ ನಿಮಗೂ ಇಲಿಗೂ ವಿಷ.

ಸ್ಟ್ಯಾಂಡರ್ಡ್ ಔಷಧಿಯೇ ಕೆಲಸ ಮಾಡಲಿಲ್ಲ

ಇಲ್ಲಿ ಎರಡೇ ಕಾರಣ ಪದೇ ಪದೇ ಸಿಗುತ್ತವೆ. ಒಂದು, ಅಂಗಡಿ ಮಾತ್ರೆಯನ್ನು ಪುಡಿ ಮಾಡಿ ಪುಡಿಯ ತೂಕವನ್ನೇ ಔಷಧಿಯ ತೂಕ ಅಂತ ಹಿಡಿಯುವುದು. 50 ಮಿ.ಗ್ರಾಂ ಅಂತ ಬರೆದ ಮಾತ್ರೆ ತಕ್ಕಡಿಯಲ್ಲಿ 200 ಮಿ.ಗ್ರಾಂ ತೂಗಿದರೆ, ನೀವು ತೂಗಿ ತೆಗೆದ 10 ಮಿ.ಗ್ರಾಂ ಪುಡಿಯಲ್ಲಿ ಔಷಧಿ ಇರುವುದು ಎರಡೂವರೆ ಮಿ.ಗ್ರಾಂ ಮಾತ್ರ. ಶುದ್ಧ ಔಷಧಿಯ ಪುಡಿ ತರಿಸಿ.

ಇನ್ನೊಂದು, ಪರೀಕ್ಷೆಗೆ ಹೊಂದದ ಔಷಧಿ. ಬಿಸಿ ತಟ್ಟೆಯ ಮೇಲೆ ಬಿಟ್ಟ ಪ್ರಾಣಿ ಕಾಲೆತ್ತುವ ಹೊತ್ತನ್ನು ಅಳೆಯುವ ಹಾಟ್ ಪ್ಲೇಟ್ ಪರೀಕ್ಷೆಗೆ ಡೈಕ್ಲೋಫೆನಾಕ್ ಕೊಟ್ಟು "ಸ್ಟ್ಯಾಂಡರ್ಡ್ ಫೇಲ್ ಆಯ್ತು" ಅಂತ ಬರುವವರಿದ್ದಾರೆ. ಹಾಟ್ ಪ್ಲೇಟ್ ಮುಖ್ಯವಾಗಿ ಮಾರ್ಫಿನ್ ಥರ ಮೆದುಳಿನ ಮಟ್ಟದಲ್ಲಿ ನೋವು ತಡೆಯುವ ಔಷಧಿಗಳನ್ನು ಗುರುತಿಸುವ ಪರೀಕ್ಷೆ. ಊತ ಇಳಿಸುವ ಮಾತ್ರೆಗಳು ಅಲ್ಲಿ ಅಷ್ಟಾಗಿ ಕಾಣಿಸಿಕೊಳ್ಳುವುದಿಲ್ಲ, ಅದು ಔಷಧಿಯ ತಪ್ಪಲ್ಲ. ಅಲ್ಲಿ ಟ್ರಮಡಾಲ್, ಪೆಂಟಾಜೋಸಿನ್‌ನಂಥವು ಬೇಕು, ಅವಕ್ಕೆ ಪರವಾನಗಿಯೂ ಬೇಕು. ಪರವಾನಗಿ ಕೈಸೇರುವವರೆಗೆ ಆ ಪರೀಕ್ಷೆಯನ್ನೇ ಮುಂದೂಡಿ.

ಡೋಸ್ ಏರಿದರೂ ಫಲ ಇಳಿಯಿತು

ಈಗ ಆ ಗ್ರಾಫ್ ಹಾಳೆ. ಕಂಟ್ರೋಲ್ ಸರಿ, ಸ್ಟ್ಯಾಂಡರ್ಡ್ ಸರಿ, 100 ಮತ್ತು 200 ಮಿ.ಗ್ರಾಂ ಗುಂಪುಗಳು ಏರುಕ್ರಮದಲ್ಲೇ ಇದ್ದವು. 400 ಮಾತ್ರ ಹಿಂದಕ್ಕೆ ಬಿದ್ದಿತ್ತು. ಗಿಡದ ಸಾರದಲ್ಲಿ ನೂರಾರು ಪದಾರ್ಥಗಳಿರುತ್ತವೆ, ಡೋಸ್ ಹೆಚ್ಚಾದಾಗ ಒಂದರ ಗುಣವನ್ನು ಇನ್ನೊಂದು ಕೆಡಿಸಲೂಬಹುದು. ಪ್ರಬಂಧದಲ್ಲಿ ಹಾಗೆ ಬರೆದು ಮುಗಿಸುವುದು ಸುಲಭ, ಅವಳೂ ಅದೇ ವಾಕ್ಯವನ್ನು ಬರೆದಿಟ್ಟುಕೊಂಡಿದ್ದಳು. ಆದರೆ ಆ ವಾಕ್ಯ ಬರೆಯುವ ಮೊದಲು 400 ಮಿ.ಗ್ರಾಂ ಇಲಿಯ ಹೊಟ್ಟೆಗೆ ನಿಜವಾಗಿಯೂ ಹೋಗಿತ್ತೇ ಅಂತ ಗೊತ್ತಾಗಬೇಕು.

"ಆ ದಿನ ಬೆಳಗ್ಗೆಯಿಂದ ಏನೇನು ಮಾಡಿದೆ, ಒಂದೂ ಬಿಡದೆ ಹೇಳು" ಅಂದೆ. ಬೆಳಗ್ಗೆ ಎಂಟಕ್ಕೆ ಶೇ. 0.5ರ ಸಿ.ಎಂ.ಸಿ. (ನೀರನ್ನು ಲೋಳೆಯಾಗಿಸುವ ಪುಡಿ) ದ್ರಾವಣದಲ್ಲಿ ಸಾರವನ್ನು ಕದಡಿದ್ದಳು. ಮೊದಲು ಕಂಟ್ರೋಲ್, ಆಮೇಲೆ ಸ್ಟ್ಯಾಂಡರ್ಡ್, ಆಮೇಲೆ 100, 200, ಕೊನೆಗೆ 400, ಹೀಗೆ ಸಾಲಾಗಿ ಕುಡಿಸಿದ್ದಳು. ಕೊನೆಯ ಗುಂಪಿಗೆ ಬರುವಷ್ಟರಲ್ಲಿ ಮುಕ್ಕಾಲು ಗಂಟೆ ಆಗಿತ್ತು. "ಬಾಟಲಿ ಅಲ್ಲಾಡಿಸಿದ್ಯಾ?" "ಶುರುವಲ್ಲಿ ಒಂದ್ಸಲ, ಮೇಡಂ."

ಮದ್ಯಸಾರದಲ್ಲಿ ತೆಗೆದ ಲಕ್ಕಿ ಸೊಪ್ಪಿನ ಸಾರ ಒಣಗಿದ ಮೇಲೆ ಅಂಟಂಟಾದ ಕಡುಹಸಿರು ರಾಳದಂತೆ ಇರುತ್ತದೆ. ನೀರಿಗೆ ಸುಲಭವಾಗಿ ಬೆರೆಯುವುದಿಲ್ಲ. 200 ಗ್ರಾಂ ತೂಕದ ಇಲಿಗೆ 400 ಮಿ.ಗ್ರಾಂ ಲೆಕ್ಕದಲ್ಲಿ 80 ಮಿ.ಗ್ರಾಂ ಸಾರ ಬೇಕು. ಕೆ.ಜಿ.ಗೆ 10 ಮಿ.ಲೀ. ಕುಡಿಸುವುದಾದರೆ ಅದು 2 ಮಿ.ಲೀ.ಯಲ್ಲಿ ಹಿಡಿಯಬೇಕು, ಅಂದರೆ ಮಿ.ಲೀ.ಗೆ 40 ಮಿ.ಗ್ರಾಂ. ಅಷ್ಟು ದಟ್ಟವಾದ ಕಲಕಿನಲ್ಲಿ ಕಣಗಳು ಒಂದಕ್ಕೊಂದು ಅಂಟಿ ತಳ ಸೇರುತ್ತವೆ.

ಪರೀಕ್ಷೆ ಮಾಡಿದ್ದು ಹೀಗೆ. ಅದೇ ವಿಧಾನದಲ್ಲಿ ಮತ್ತೆ ಕಲಸಿ, ಅಳತೆಯ ಸಿಲಿಂಡರ್‌ಗೆ ಹಾಕಿ, ಕಲಸಿದ ಕೂಡಲೇ ಒಮ್ಮೆ, 15 ನಿಮಿಷ ಕಳೆದ ಮೇಲೆ ಒಮ್ಮೆ, 45 ನಿಮಿಷ ಕಳೆದ ಮೇಲೆ ಒಮ್ಮೆ ಮೇಲಿನಿಂದ 1 ಮಿ.ಲೀ. ತೆಗೆದು ಪೆಟ್ರಿ ತಟ್ಟೆಯಲ್ಲಿ ಪೂರ್ತಿ ಒಣಗಿಸಿ ತೂಗಿದೆವು. ಸಿ.ಎಂ.ಸಿ.ಯದೇ ತೂಕ ಮಿ.ಲೀ.ಗೆ 5 ಮಿ.ಗ್ರಾಂ ಇರುತ್ತದೆ, ಅದನ್ನು ಕಳೆಯಲು ಮರೆಯಬೇಡಿ. ಕಲಸಿದ ಕೂಡಲೇ ತೆಗೆದ ತಟ್ಟೆಯೇ ಹೋಲಿಕೆಗೆ ಆಧಾರ. ಮುಕ್ಕಾಲು ಗಂಟೆಯ ತಟ್ಟೆಯಲ್ಲಿ ಅದರ ಅರ್ಧಕ್ಕಿಂತ ಕಡಿಮೆ ಸಾರ ಉಳಿದಿತ್ತು. ಸಿಲಿಂಡರಿನ ತಳದಲ್ಲಿ ಹಸಿರು ಹೆಪ್ಪು ಕೂತಿತ್ತು. 400 ಅಂತ ಹೆಸರಿಟ್ಟ ಗುಂಪು 200ಕ್ಕಿಂತಲೂ ಕಡಿಮೆ ಕುಡಿದಿತ್ತು. ಅವಳು ಆ ತಳವನ್ನು ನೋಡುತ್ತಾ ತುಂಬ ಹೊತ್ತು ಸುಮ್ಮನೆ ನಿಂತಿದ್ದಳು.

ಸರಿಪಡಿಸುವ ದಾರಿ ಕಷ್ಟದ್ದಲ್ಲ. ಸಾರವನ್ನು ಮೊದಲು ಖಲ್ವದಲ್ಲಿ ಅಂಟನ್ನು ನೀರಿಗೆ ಬೆರೆಯುವಂತೆ ಮಾಡುವ ಟ್ವೀನ್ 80 ಒಂದೆರಡು ಹನಿ ಹಾಕಿ ನುಣ್ಣಗೆ ಅರೆಯಿರಿ. ಸಿ.ಎಂ.ಸಿ. ಲೋಳೆಯನ್ನು ಒಮ್ಮೆಲೇ ಸುರಿಯದೆ, ಮಜ್ಜಿಗೆಹುಳಿಗೆ ಹಿಟ್ಟು ಕದಡುವ ಹಾಗೆ ಸ್ವಲ್ಪ ಸ್ವಲ್ಪ ಸೇರಿಸುತ್ತಾ ಅರೆಯುತ್ತಾ ಹೋಗಿ. ತೆಳು ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದದ್ದನ್ನು ಮತ್ತೆ ಅರೆಯಿರಿ. ಪ್ರತಿ ಇಲಿಗೂ ಸಿರಿಂಜ್ ತುಂಬುವ ಮುನ್ನ ಬಾಟಲಿ ಅಲ್ಲಾಡಿಸಿ. ಕಂಟ್ರೋಲ್‌ಗೂ ಅಷ್ಟೇ ಟ್ವೀನ್ ಹಾಕಿ. ಗುಂಪಿನಿಂದ ಗುಂಪಿಗೆ ಸಾಲಾಗಿ ಹೋಗಬೇಡಿ. ಐದು ಗುಂಪಿನಿಂದ ಒಂದೊಂದು ಇಲಿ, ಚೀಟಿ ಎತ್ತಿದ ಕ್ರಮದಲ್ಲಿ. ಆಗ ಬೆಳಗಿನ ಹೊತ್ತು ಏರುವುದು, ನಿಮ್ಮ ಕೈ ದಣಿಯುವುದು ಎರಡೂ ಎಲ್ಲ ಗುಂಪಿಗೂ ಸಮನಾಗಿ ಹಂಚಿಹೋಗುತ್ತದೆ.

ಹೋದ ಸಲ ಬಂದ ಫಲ ಈ ಸಲ ಬರಲಿಲ್ಲ

ಹಾಗಾದರೆ ಸೊಪ್ಪನ್ನೇ ನೋಡಿ. ಲಕ್ಕಿ ಗಿಡ, ಅಂದರೆ ವೈಟೆಕ್ಸ್ ನೆಗುಂಡೋ, ನಮ್ಮ ಕಡೆ ಬೇಲಿಯಲ್ಲೇ ಬೆಳೆಯುತ್ತದೆ. ಬಾಣಂತಿ ಸ್ನಾನದ ನೀರಿಗೆ ಇದರ ಸೊಪ್ಪು ಕುದಿಸುತ್ತಿದ್ದದ್ದು, ಅಜ್ಜಿಯ ಮಂಡಿಗೆ ಬಿಸಿ ಮಾಡಿ ಕಟ್ಟುತ್ತಿದ್ದದ್ದು ಎಲ್ಲರಿಗೂ ನೆನಪಿರುತ್ತದೆ. ಎಲ್ಲರಿಗೂ ಗೊತ್ತಿರುವ ಗಿಡ ಅಂತಲೇ ಗುರುತಿನಲ್ಲಿ ಉದಾಸೀನ ಆಗುತ್ತದೆ. ಲಕ್ಕಿಯ ಎಲೆಯಲ್ಲಿ ಸಾಮಾನ್ಯವಾಗಿ ಐದು ಕಿರುಎಲೆ, ಕೆಲವೊಮ್ಮೆ ಮೂರು, ಅಡಿಭಾಗ ಬೂದಿಬಿಳುಪು. ಅದೇ ಕುಲದ ವೈಟೆಕ್ಸ್ ಟ್ರೈಫೋಲಿಯಾದಲ್ಲಿ ಮೂರು ಕಿರುಎಲೆ. ಒಣಗಿ ಮುದುಡಿದ ಮೇಲೆ ಎರಡನ್ನೂ ಕಣ್ಣಳತೆಯಲ್ಲಿ ಬೇರ್ಪಡಿಸಲು ಆಗುವುದಿಲ್ಲ. ಕೆ.ಆರ್. ಮಾರ್ಕೆಟ್ಟಿನಲ್ಲಿ ಕಟ್ಟು ಕಟ್ಟಾಗಿ ತಂದದ್ದು, ಗ್ರಂಧಿಗೆ ಅಂಗಡಿಯ ಒಣ ಸೊಪ್ಪು ಇವೆರಡನ್ನೂ ಪ್ರಯೋಗಕ್ಕೆ ಬಳಸಬೇಡಿ. ಹೂವಿರುವ ಕೊಂಬೆ ನೀವೇ ಕಿತ್ತು, ಯಲಹಂಕದ ಹತ್ತಿರ ಜಾರಕಬಂಡೆ ಕಾವಲಿನಲ್ಲಿರುವ ಎಫ್‌ಆರ್‌ಎಲ್‌ಎಚ್‌ಟಿಯಂಥ ಔಷಧಿ ಸಸ್ಯಗಳ ಸಂಸ್ಥೆಯ ಸಸ್ಯತಜ್ಞರ ಕೈಯಲ್ಲಿ ಗುರುತು ಖಚಿತ ಮಾಡಿಸಿ, ಮಾದರಿ ಸಂಖ್ಯೆ ಬರೆದುಕೊಳ್ಳಿ.

ಕಿತ್ತ ತಿಂಗಳೂ ಮುಖ್ಯ. ಜುಲೈ–ಆಗಸ್ಟಿನ ಜಡಿಮಳೆಯಲ್ಲಿ ನೆರಳಲ್ಲಿ ಹರಡಿದ ಸೊಪ್ಪು ಒಣಗುವ ಮೊದಲೇ ಬೂಷ್ಟು ಹಿಡಿಯುತ್ತದೆ. ಬಿಸಿಲಿಗೆ ಹಾಕಿದರೆ ಸುವಾಸನೆಯ ಎಣ್ಣೆ ಹಾರಿಹೋಗುತ್ತದೆ. ಮಳೆಗಾಲದಲ್ಲಿ ಫ್ಯಾನ್ ಇರುವ ಕೋಣೆಯಲ್ಲಿ ತೆಳುವಾಗಿ ಹರಡಿ ದಿನಕ್ಕೆರಡು ಸಲ ತಿರುವಿ ಹಾಕುವುದೇ ದಾರಿ. ಕಪ್ಪಾದ ಎಲೆಯನ್ನು "ಪುಡಿ ಮಾಡಿದ ಮೇಲೆ ಕಾಣಲ್ಲ" ಅಂತ ಸೇರಿಸಬೇಡಿ.

ಸಾಕ್ಸ್‌ಲೆಟ್ ಅನ್ನುವ ಗಾಜಿನ ಉಪಕರಣದಲ್ಲಿ ದಿನವಿಡೀ ಕುದಿಸಿದ ಸಾರವೂ ತಣ್ಣಗೆ ನೆನೆಸಿ ತೆಗೆದ ಸಾರವೂ ಒಂದೇ ಅಲ್ಲ. ಒಂದರ ಫಲವನ್ನು ಇನ್ನೊಂದರಿಂದ ನಿರೀಕ್ಷಿಸಬೇಡಿ. ದ್ರಾವಕ ಆವಿ ಮಾಡುವಾಗ 40 ಡಿಗ್ರಿ ದಾಟದಿರಲಿ. ಎರಡು ತೂಕದ ನಡುವೆ ವ್ಯತ್ಯಾಸ ಬಾರದವರೆಗೆ ಒಣಗಿಸಿ. ಒಳಗೆ ಉಳಿದ ಮದ್ಯಸಾರ ಡೋಸನ್ನೂ ತಪ್ಪಿಸುತ್ತದೆ, ಇಲಿಗೆ ಮಂಪರನ್ನೂ ತರುತ್ತದೆ. ಲಕ್ಕಿಯಲ್ಲಿ ನೆಗುಂಡೋಸೈಡ್, ಆಗ್ನುಸೈಡ್, ಕ್ಯಾಸ್ಟಿಸಿನ್‌ನಂಥ ಗುರುತಿನ ಪದಾರ್ಥಗಳಿವೆ. ಹಳೆಯ ಮತ್ತು ಹೊಸ ಸಾರವನ್ನು ಪದಾರ್ಥಗಳನ್ನು ಬೇರೆ ಬೇರೆ ಕಲೆಗಳಾಗಿ ತೋರಿಸುವ ಒಂದೇ ಟಿ.ಎಲ್.ಸಿ. ತಟ್ಟೆಯ ಮೇಲೆ ಅಕ್ಕಪಕ್ಕ ಓಡಿಸಿದರೆ ಒಂದು ಮಧ್ಯಾಹ್ನದಲ್ಲಿ ಉತ್ತರ ಸಿಗುತ್ತದೆ. ಇದಕ್ಕಾಗಿಯೇ ಪ್ರತಿ ಸಲದ ಸಾರದಲ್ಲೂ ಒಂದು ಚಿಟಿಕೆ ಎತ್ತಿಟ್ಟಿರಬೇಕು.

ಫಲ ತೀರಾ ಚೆನ್ನಾಗಿ ಬಂತು

ಇದನ್ನು ಯಾರೂ ದೋಷ ಅಂತ ನನ್ನ ಹತ್ತಿರ ತರುವುದಿಲ್ಲ. ನನಗೆ ಅತಿ ಹೆಚ್ಚು ಭಯ ಇರುವುದು ಇದರದ್ದೇ, ಏಕೆಂದರೆ ತಪ್ಪು ಇಲ್ಲಿಂದಲೇ ಪ್ರಬಂಧಕ್ಕೂ ಅಲ್ಲಿಂದ ಜನರ ನಂಬಿಕೆಗೂ ದಾಟುತ್ತದೆ.

ಸಾರವನ್ನು ಬಾಯಿಂದ ಕೊಡದೆ ಹೊಟ್ಟೆಯೊಳಕ್ಕೆ ಚುಚ್ಚಿದ್ದೀರಾ? ಸಪೋನಿನ್, ಟ್ಯಾನಿನ್ ಇರುವ ಒರಟು ಸಾರ ಹೊಟ್ಟೆಯ ಒಳಪದರವನ್ನು ಕೆರಳಿಸುತ್ತದೆ. ಮೈಯ ಒಂದು ಕಡೆ ಕೆರಳಿಕೆ ಎಬ್ಬಿಸಿದರೆ ಇನ್ನೊಂದು ಕಡೆಯ ಊತ ತಾನಾಗಿ ತಗ್ಗುತ್ತದೆ. ಪಾದದ ಊತ ಇಳಿದದ್ದು ಔಷಧಿಯ ಗುಣದಿಂದಲ್ಲ, ಹೊಟ್ಟೆಯ ನೋವಿನಿಂದ. ಚುಚ್ಚಿದಾಗ ಭರ್ಜರಿ ಫಲ, ಬಾಯಿಂದ ಕೊಟ್ಟಾಗ ಸೊನ್ನೆ ಅಂತಾದರೆ ಮೊದಲು ಇದನ್ನೇ ಶಂಕಿಸಿ.

ಇನ್ನೊಂದು ಬಲೆ ಮಂಪರು. ರೈದಿಂಗ್ ಪರೀಕ್ಷೆಯಲ್ಲಿ ಹೊಟ್ಟೆಯೊಳಕ್ಕೆ ತೆಳು ಅಸಿಟಿಕ್ ಆಮ್ಲ ಚುಚ್ಚಿ, ಚಿಟ್ಟಿಲಿ ಎಷ್ಟು ಸಲ ಹೊಟ್ಟೆ ಹಿಂಡಿಕೊಂಡು ಮೈ ಚಾಚಿತು ಅಂತ ಎಣಿಸುತ್ತೇವೆ. ತೂಕಡಿಸುವ ಇಲಿ, ಸ್ನಾಯು ಸಡಿಲಾದ ಇಲಿ ನೋವಿದ್ದರೂ ಹಿಂಡಿಕೊಳ್ಳುವುದಿಲ್ಲ. ಹಾಟ್ ಪ್ಲೇಟಿನ ಮೇಲೂ ಹಾಗೇ, ಕಾಲೆತ್ತಲು ತಡವಾದದ್ದು ನೋವು ತಗ್ಗಿದ್ದರಿಂದಲೋ ಕಾಲು ಏಳದ್ದರಿಂದಲೋ ಗೊತ್ತಾಗುವುದಿಲ್ಲ. ಅದೇ ಡೋಸಿನಲ್ಲಿ ರೋಟಾರಾಡ್ (ತಿರುಗುವ ಕೋಲಿನ ಮೇಲೆ ಎಷ್ಟು ಹೊತ್ತು ನಿಲ್ಲುತ್ತದೆ) ಮತ್ತು ಆಕ್ಟೋಫೋಟೋಮೀಟರ್ (ಎಷ್ಟು ಓಡಾಡುತ್ತದೆ) ನೋಡದೆ "ನೋವು ನಿವಾರಕ" ಅನ್ನುವ ಪದ ಬರೆಯಬೇಡಿ. ಸಾಧ್ಯವಿದ್ದರೆ ಪಾದಕ್ಕೆ ಫಾರ್ಮಲಿನ್ ಚುಚ್ಚಿ ನೋವನ್ನು ಗಮನಿಸುವ ಫಾರ್ಮಲಿನ್ ಪರೀಕ್ಷೆಯನ್ನೂ ಯೋಜನೆಗೆ ಸೇರಿಸಿ. ಅದರ ಮೊದಲ 5 ನಿಮಿಷ ನರದ ನೇರ ನೋವು, 15ರಿಂದ 30ನೇ ನಿಮಿಷದವರೆಗಿನದು ಉರಿಯೂತದ ನೋವು. ಸಾರ ಎರಡನೇ ಹಂತವನ್ನು ಮಾತ್ರ ತಗ್ಗಿಸಿದರೆ ಅದರ ಸ್ವಭಾವ ತಿಳಿದಂತಾಗುತ್ತದೆ.

ಕರಗದ ಸಾರವನ್ನು ಡಿ.ಎಂ.ಎಸ್.ಓ. ಅನ್ನುವ ದ್ರಾವಕದಲ್ಲಿ ಕರಗಿಸಿದವರಿಗೂ ಒಂದು ಮಾತು: ಅದಕ್ಕೆ ತನ್ನದೇ ಊತ ಇಳಿಸುವ ಗುಣ ಇದೆ.

ನೋವಿನ ಪರೀಕ್ಷೆಗಳ ಸಣ್ಣಪುಟ್ಟ ತಕರಾರು

ಹಾಟ್ ಪ್ಲೇಟಿನ ಪರದೆಯಲ್ಲಿ 55 ಡಿಗ್ರಿ ಅಂತ ಇದ್ದರೂ ತಟ್ಟೆಯ ಮೂಲೆ ಮತ್ತು ನಡು ಬೇರೆ ಬೇರೆ ಇರಬಹುದು, ಥರ್ಮೋಕಪಲ್ (ತಾಪ ಅಳೆಯುವ ತಂತಿ) ಇಟ್ಟು ನೋಡಿ. 15 ಸೆಕೆಂಡಿನ ಮಿತಿ ದಾಟುವಂತಿಲ್ಲ, ಪಾದ ಸುಡುತ್ತದೆ. ಅದೇ ಇಲಿಯನ್ನು ಪದೇ ಪದೇ ಏರಿಸಿದರೆ ಅದು ಕಲಿತುಬಿಡುತ್ತದೆ. ಡಿಸೆಂಬರ್–ಜನವರಿಯ ಬೆಳಗ್ಗೆ ಕಿಟಕಿ ತೆರೆದ ಕೋಣೆಯಲ್ಲಿ ಬಾಲಕ್ಕೆ ಬಿಸಿ ತಾಗಿಸಿ ಅದನ್ನು ಎಳೆದುಕೊಳ್ಳುವ ಹೊತ್ತು ಅಳೆಯುವ ಟೇಲ್ ಫ್ಲಿಕ್ ಮಾಡಿದರೆ ತಣ್ಣಗಿರುವ ಬಾಲ ಬಿಸಿಯಾಗಲು ಹೆಚ್ಚು ಹೊತ್ತು ಬೇಕು, ಎಲ್ಲ ಗುಂಪುಗಳ ಅಂಕಿಯೂ ಏರಿ ವ್ಯತ್ಯಾಸ ಮುಚ್ಚಿಹೋಗುತ್ತದೆ. ತೆಳು ಅಸಿಟಿಕ್ ಆಮ್ಲವನ್ನು ಅವತ್ತವತ್ತೇ ಮಾಡಿಕೊಳ್ಳಿ. ಎಣಿಸುವವರಿಗೆ ಗುಂಪು ಗೊತ್ತಿರಬಾರದು.

ಗಾಜಿನ ಕೊಳವೆಯಲ್ಲಿ ಋಣ ಸಂಖ್ಯೆ ಬಂತು

ಪ್ರಾಣಿಗೆ ಹೋಗುವ ಮೊದಲು, ಬಿಸಿಗೆ ಪ್ರೋಟೀನ್ ಹೆಪ್ಪುಗಟ್ಟಿ ಕದಡುವುದನ್ನು ಸಾರ ಎಷ್ಟು ತಡೆಯುತ್ತದೆ ಅನ್ನುವ ಪರೀಕ್ಷೆ ಮಾಡುವುದು ಒಳ್ಳೆಯ ರೂಢಿ. ಆದರೆ ಅದನ್ನು 660 ನ್ಯಾನೋಮೀಟರ್‌ನಲ್ಲಿ ಓದುತ್ತೇವೆ, ಎಲೆಯ ಪತ್ರಹರಿತ್ತು ಬೆಳಕು ಹೀರುವುದೂ ಅದರ ಆಸುಪಾಸಿನಲ್ಲೇ. ಹಸಿರು ಸಾರ ಹಾಕಿದಷ್ಟೂ ಯಂತ್ರ ಅದನ್ನು ಕದಡು ಅಂತ ಓದುತ್ತದೆ, ಲೆಕ್ಕದಲ್ಲಿ ಫಲ ಸೊನ್ನೆಗಿಂತ ಕೆಳಗೆ ಬರುತ್ತದೆ. ಪ್ರತಿ ಪ್ರಮಾಣಕ್ಕೂ ಸಾರ ಇರುವ, ಪ್ರೋಟೀನ್ ಇಲ್ಲದ ಬ್ಲ್ಯಾಂಕ್ ಇಟ್ಟು ಕಳೆಯಿರಿ. ಟ್ಯಾನಿನ್ ತಾನೇ ಪ್ರೋಟೀನನ್ನು ಹೆಪ್ಪುಗಟ್ಟಿಸುತ್ತದೆ ಅನ್ನುವುದೂ ನೆನಪಿರಲಿ.

ಲೆಕ್ಕದ ಹಾಳೆ

ಎಲ್ಲ ಸರಿ ಇದ್ದೂ ಫಲ ಕಡಿಮೆ ಕಂಡರೆ ಎಕ್ಸೆಲ್ ಸೂತ್ರ ನೋಡಿ. ಚುಚ್ಚುವ ಮೊದಲು ಪಾದ 1.00 ಮಿ.ಲೀ., ಮೂರನೇ ಗಂಟೆಗೆ ಕಂಟ್ರೋಲ್ 1.80, ಸಾರದ ಗುಂಪು 1.40 ಅಂತಿಟ್ಟುಕೊಳ್ಳಿ. ಏರಿದ ಗಾತ್ರ 0.80 ಮತ್ತು 0.40, ಹಾಗಾಗಿ ಊತ ಶೇ. 50 ಇಳಿದಿದೆ. ಇಡೀ ಪಾದದ ಗಾತ್ರವನ್ನೇ ಹಾಕಿ ಕಳೆದು ಭಾಗಿಸಿದರೆ ಶೇ. 22 ಬರುತ್ತದೆ. ಇಷ್ಟು ಸಣ್ಣ ತಪ್ಪಿಗೆ ಒಂದು ಒಳ್ಳೆಯ ಸಾರ ಕಸದ ಬುಟ್ಟಿಗೆ ಹೋದದ್ದನ್ನು ನೋಡಿ ನನಗೆ ಹೊಟ್ಟೆ ಉರಿದಿದೆ.

ಮತ್ತೆ ಮಾಡಲೇಬೇಕಾದಾಗ

ನನ್ನ ವಿದ್ಯಾರ್ಥಿನಿ ಮತ್ತೆ ಮಾಡಲೇಬೇಕಾಯಿತು, ಅಂಗಾಲು ಒಮ್ಮೆ ಊದಿದ ಇಲಿಯನ್ನು ಎರಡನೇ ಸಲ ಬಳಸುವಂತಿಲ್ಲ. ಒಪ್ಪಿಗೆಗಿಂತ ಹೆಚ್ಚು ಪ್ರಾಣಿ ಬೇಕಾದರೆ ಸಮಿತಿಗೆ ಮತ್ತೆ ಹೋಗಬೇಕು. ಅರ್ಜಿಯಲ್ಲಿ ಅವಳು "ಫಲಿತಾಂಶ ಸರಿಬರಲಿಲ್ಲ" ಅಂತ ಬರೆಯಲಿಲ್ಲ. ಸಿಲಿಂಡರಿನ ಮೂರು ತೂಕ, ತಳದ ಹೆಪ್ಪಿನ ಫೋಟೋ, ಹೊಸದಾಗಿ ಅರೆದ ಕಲಕು ಒಂದು ಗಂಟೆಯಾದರೂ ಮೇಲಿಂದ ಕೆಳಗೆ ಒಂದೇ ತೂಕ ಕೊಟ್ಟ ಪಟ್ಟಿ ಇಷ್ಟನ್ನು ಲಗತ್ತಿಸಿದಳು. 100ರ ಗುಂಪನ್ನು ಕೈಬಿಟ್ಟಳು, ಅದರಿಂದ ಹೊಸದಾಗಿ ತಿಳಿಯುವುದೇನೂ ಇರಲಿಲ್ಲ. ಹಾಗಾಗಿ 30ರ ಬದಲು 24 ಇಲಿ ಸಾಕಾಯಿತು.

ಎರಡನೇ ಸಲ 400ರ ಗೆರೆ 200ರ ಗೆರೆಗಿಂತ ಕೆಳಗೆ ಬಂತು, ಆದರೆ ಅವಳು ಆಸೆಪಟ್ಟಷ್ಟು ಕೆಳಗಲ್ಲ, ಕೂದಲೆಳೆಯಷ್ಟು. ಮೂರನೇ ಗಂಟೆಗಿಂತ ಮೊದಲು ಸಾರದ ಗುಂಪುಗಳಿಗೂ ಕಂಟ್ರೋಲ್‌ಗೂ ವ್ಯತ್ಯಾಸವೇ ಇರಲಿಲ್ಲ. ಊತ ಎಬ್ಬಿಸುವ ಮೈಯ ರಾಸಾಯನಿಕಗಳಲ್ಲಿ ಹಿಸ್ಟಮಿನ್, ಸಿರೊಟೋನಿನ್ ಆಳುವ ಮೊದಲ ಹಂತದ ಮೇಲೆ ಸಾರದ ಹಿಡಿತ ಕಡಿಮೆ, ಆಮೇಲಿನ ಪ್ರೋಸ್ಟಾಗ್ಲಾಂಡಿನ್ ಹಂತದ ಮೇಲೆ ಹೆಚ್ಚು ಅಂತ ಅದನ್ನು ಓದಬಹುದು. ಅವಳು ಅಷ್ಟೇ ಬರೆದಳು. ಮೊದಲ ಸಲದ 30 ಇಲಿಗಳ ಅಂಕಿಗಳನ್ನೂ ಪ್ರಬಂಧದ ಅನುಬಂಧದಲ್ಲಿ ಪೂರ್ತಿ ಸೇರಿಸಿ, ಪಕ್ಕದಲ್ಲಿ ತಳದ ಹೆಪ್ಪಿನ ಫೋಟೋ ಅಂಟಿಸಿದಳು.